ಓದುಗರ ಪ್ರಶ್ನೆ: ಲಿಮೋನ್ ಬಂದರಿನ ಅನ್ನ, ಹವಳ, ಮಳೆ

ಪ್ರ: ಕೋಸ್ಟರಿಕಾದ ಲಿಮೋನ್ ಬಂದರಿನ ‘ರೈಸ್ ಅಂಡ್ ಬೀನ್ಸ್’ ಅಂದರೆ ಅದೇ ದೇಶದ ‘ಗಾಯೊ ಪಿಂಟೊ’ ತಾನೆ? ಬೆಂಗಳೂರಿನಲ್ಲಿ ಸಿಗುವ ಸಾಮಾನಿನಲ್ಲಿ ಮಾಡಬಹುದೆ?
— ಓದುಗರು, ಬಸವನಗುಡಿ

ಉ: ಎರಡೂ ಬೇರೆ. ಗಾಯೊ ಪಿಂಟೊ ನಮ್ಮ ಚಿತ್ರಾನ್ನದ ಜಾತಿ, ಮಾಡಿಟ್ಟ ಅನ್ನಕ್ಕೆ ಬೆಂದ ಕಾಳು ಹಾಕಿ ಹುರಿಯುವುದು. ಲಿಮೋನಿನವರು ಅಕ್ಕಿಯನ್ನೇ ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರೆ. ಈ ಅಡುಗೆ ಜಮೈಕಾದಿಂದ ಬಂದದ್ದು. 1871ರಲ್ಲಿ ಶುರುವಾಗಿ 1890ರಲ್ಲಿ ಮುಗಿದ, ರಾಜಧಾನಿ ಸ್ಯಾನ್ ಹೋಸೆಯ ರೈಲು ಮಾರ್ಗಕ್ಕೆ, ಆಮೇಲೆ ಬಾಳೆತೋಟಗಳಿಗೆ ದುಡಿಯಲು ಬಂದ ಜಮೈಕಾದವರು ಅಲ್ಲೇ ನೆಲೆಸಿದರು.

2 ಲೋಟ ಸೋನಾಮಸೂರಿಗೆ ಅರ್ಧ ಲೋಟ ಕೆಂಪು ರಾಜ್ಮಾ, ಒಂದು ದೊಡ್ಡ ತೆಂಗಿನಕಾಯಿ ಸಾಕು. ರಾಜ್ಮಾ ರಾತ್ರಿಯೇ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಬೇಯಿಸಿದ ನೀರನ್ನು ಮಾತ್ರ ಚೆಲ್ಲಬೇಡಿ, ಅನ್ನಕ್ಕೆ ಬಣ್ಣ ಬರುವುದೇ ಅದರಿಂದ. ನೆನೆದ ಕಾಳನ್ನು ನೇರವಾಗಿ ಅಕ್ಕಿಯ ಜೊತೆ ಹಾಕಿದರೆ ಅನ್ನ ಮುದ್ದೆಯಾದರೂ ಕಾಳು ಬೇಯುವುದಿಲ್ಲ. ಅರೆಬೆಂದ ರಾಜ್ಮಾ ಹೊಟ್ಟೆಗೂ ಕೆಟ್ಟದು.

ಕಾಯಿತುರಿಗೆ ಬಿಸಿನೀರು ಹಾಕಿ ರುಬ್ಬಿ, ಮೊದಲ ಗಟ್ಟಿ ಹಾಲು 1 ಲೋಟ ಪಕ್ಕಕ್ಕಿಡಿ. ಎರಡನೇ ಹಾಲು, ಕಾಳಿನ ನೀರು ಸೇರಿ 3 ಲೋಟ ಆಗಬೇಕು. ಇದಕ್ಕೆ ಉಪ್ಪು, ಜಜ್ಜಿದ 4 ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ, ಥೈಮ್ ಎಂಬ ಪರಿಮಳದ ಸೊಪ್ಪು ಹಾಕಿ ಕುದಿ ಬಂದಮೇಲೆ ತೊಳೆದ ಅಕ್ಕಿ, ಕಾಳು ಸೇರಿಸಿ. ಥೈಮ್ ಇಲ್ಲದಿದ್ದರೆ ಕುಂಡದಲ್ಲಿರುವ ದೊಡ್ಡಪತ್ರೆ ಎರಡೇ ಎಲೆ ಸಾಕು. ಟ್ರಿನಿಡಾಡ್ ಕಡೆಯವರೂ ಅದನ್ನು ಥೈಮ್ ಲೆಕ್ಕದಲ್ಲೇ ಅಡುಗೆಗೆ ಹಾಕುತ್ತಾರೆ. ನೀರು ಅಕ್ಕಿಯ ಮಟ್ಟಕ್ಕಿಳಿದಾಗ ಗಟ್ಟಿ ಹಾಲು ಸುರಿದು ಒಮ್ಮೆ ಕೈಯಾಡಿಸಿ, ಉರಿ ತೀರ ಸಣ್ಣದು ಮಾಡಿ. ಮೊದಲೇ ಸುರಿದು ಕುದಿಸಿದರೆ ಹಾಲು ಒಡೆದು ಎಣ್ಣೆ ಬಿಡುತ್ತದೆ, ತಳವೂ ಹಿಡಿಯುತ್ತದೆ.

ಈಗ ಮೇಲೊಂದು ಹ್ಯಾಬನೆರೊ ಮೆಣಸಿನಕಾಯಿ, ತೊಟ್ಟು ಸಮೇತ ಇಡಿಯಾಗಿ ಇಟ್ಟು ಮುಚ್ಚಿ. ಇನ್ನು ಸೌಟು ಹಾಕಲೇಬಾರದು. ಕಾಯಿ ಒಡೆಯಿತೋ, ಪಾತ್ರೆಯಷ್ಟೂ ಬಾಯಿಗಿಡಲಾಗದ ಖಾರ. 15 ನಿಮಿಷಕ್ಕೆ ಒಲೆ ಆರಿಸಿ, 10 ನಿಮಿಷ ಹಾಗೇ ಬಿಟ್ಟು, ಮೆಣಸಿನಕಾಯಿ ತೆಗೆದು ಬಡಿಸಿ. ನಮ್ಮ ಹಸಿಮೆಣಸಿನಕಾಯಿಯಲ್ಲಿ ಖಾರವಿದೆ, ಆ ಹಣ್ಣಿನಂಥ ಘಮವಿಲ್ಲ. ದೊಡ್ಡ ತರಕಾರಿ ಅಂಗಡಿಗಳಲ್ಲಿ ವಿಚಾರಿಸಿ ಹ್ಯಾಬನೆರೊ ತಂದರೇ ಈ ಅಡುಗೆಗೆ ನ್ಯಾಯ.

ಪ್ರ: ಲಿಮೋನ್ ತೀರದಲ್ಲಿ ಹವಳದ ದಿಬ್ಬಗಳು ನೀರಿನಿಂದ ಮೇಲೆ ಒಣಗಿ ನಿಂತಿವೆಯಂತೆ. ಸಮುದ್ರ ಹಿಂದೆ ಸರಿಯಿತೆ?
— ಓದುಗರು, ಮಲ್ಲೇಶ್ವರ

ಉ: ಸಮುದ್ರ ಇದ್ದಲ್ಲೇ ಇದೆ, ಎದ್ದದ್ದು ನೆಲ. 1991ರ ಏಪ್ರಿಲ್ 22ರಂದು ಸುಮಾರು 7.6 ತೀವ್ರತೆಯ ಭೂಕಂಪದಲ್ಲಿ ಲಿಮೋನ್ ಸುತ್ತಿನ ಕರಾವಳಿ ಕೆಲವೆಡೆ ಒಂದೂವರೆ ಮೀಟರಿನಷ್ಟು ಮೇಲೆದ್ದಿತು. ಅಲ್ಲಿ ಕೆರಿಬಿಯನ್ ಭೂಫಲಕ (ಭೂಮಿಯ ಹೊರಪದರದ ದೊಡ್ಡ ತುಂಡು) ಪನಾಮಾ ಕಡೆಯ ನೆಲದ ಅಡಿಗೆ ನುಗ್ಗುತ್ತದೆ. ಬಿಗಿದಿದ್ದದ್ದು ಜಾರಿದಾಗ ಮೇಲಿನ ಅಂಚು ನೆಗೆಯುತ್ತದೆ. ನೀರಿಲ್ಲದೆ ಬಿಸಿಲಿಗೆ ಬಿದ್ದ ಹವಳ ಜೀವಿಗಳು ಸತ್ತವು, ಸುಣ್ಣದ ಗೂಡು ಉಳಿಯಿತು.

ಪ್ರ: ಲಿಮೋನಿಗೆ ಹೋಗಲು ಯಾವ ತಿಂಗಳು ಒಳ್ಳೆಯದು?
— ಓದುಗರು, ಜಯನಗರ

ಉ: ಸೆಪ್ಟೆಂಬರ್, ಅಕ್ಟೋಬರ್. ರಾಜಧಾನಿಯಲ್ಲಿ ಆಗ ಜೋರು ಮಳೆ, ಲಿಮೋನ್ ಇರುವ ಕೆರಿಬಿಯನ್ ತೀರದಲ್ಲಿ ಕಡಿಮೆ. ಲಿಮೋನಿನ ಕಾರ್ನಿವಲ್ ಕೂಡ ಅಕ್ಟೋಬರ್ 12ರ ಆಸುಪಾಸಿನಲ್ಲೇ, ಹಾಗಾಗಿ ಕೋಣೆ ಮೊದಲೇ ಕಾದಿರಿಸಿಕೊಳ್ಳಿ.