ಏಜೆಂಟ್ ಮೂರು ಲಕ್ಷಕ್ಕೆ ಸಿಡಿಸಿ (ಹಡಗಿನವರ ಸೇವಾ ಪುಸ್ತಕ) ಮಾಡಿಸಿ ದುಬೈನಲ್ಲಿ ಹಡಗಿನ ಕೆಲಸ ಕೊಡಿಸ್ತೀನಿ ಅಂತಿದ್ದಾನೆ. ಹೋಗಬಹುದಾ, ಇಲ್ಲ ಆರು ತಿಂಗಳ ಜಿಪಿ ರೇಟಿಂಗ್ (ಹಡಗಿನ ಸಾಮಾನ್ಯ ಕೆಲಸಗಾರರ ತರಬೇತಿ) ಕೋರ್ಸೇ ಮಾಡಬೇಕಾ?

ತಮ್ಮಾ, ದುಡ್ಡು ಕೊಡಬೇಡ. ಉಳಿದದ್ದನ್ನು ನಿಧಾನಕ್ಕೆ ಓದು.

ಇಪ್ಪತ್ತು ವರ್ಷ, ಪಿಯುಸಿ ಆಗಿದೆ, ಅಪ್ಪನ ದೋಣಿಗೆ ಮೀನು ಬೀಳುತ್ತಿಲ್ಲ ಅಂತ ಬರೆದಿದ್ದೀಯ. 2018ರಲ್ಲಿ ನಾನೂ ಹಾಗೇ ಇದ್ದೆ. ನಮ್ಮದು ಹೊನ್ನಾವರದ ಕಡೆ. ನಮ್ಮ ಕೇರಿಯ ಒಬ್ಬ ಹುಡುಗ ಹಡಗಿಗೆ ಹೋಗಿ ಮನೆಗೆ ಸ್ಲ್ಯಾಬ್ ಹಾಕಿಸಿದ್ದ, ನಾನೂ ಹೋಗಲೇಬೇಕು ಅಂತ ಹಟ ಹಿಡಿದೆ. ಏಜೆಂಟ್ ನವಿ ಮುಂಬೈನ ಬೇಲಾಪುರದಲ್ಲಿ ಕೂತಿದ್ದ. ಕೇಳಿದ್ದು ಎರಡು ಲಕ್ಷ ಎಂಬತ್ತು ಸಾವಿರ. ಅಮ್ಮನ ಸರ, ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟೆವು.

ನನಗೆ ಕೋರ್ಸಿನಲ್ಲಿ ಮೋಸ ಆಗಲಿಲ್ಲ. ಎಸ್‌ಟಿಸಿಡಬ್ಲ್ಯೂ ಬೇಸಿಕ್ ಕೋರ್ಸುಗಳು, ಅಂದರೆ ಹಡಗಿನವರೆಲ್ಲ ಮಾಡಲೇಬೇಕಾದ ಸುರಕ್ಷತಾ ತರಬೇತಿ, ಅಸಲಿಯೇ. ಈಜುಕೊಳದಲ್ಲಿ ಲೈಫ್ ಜಾಕೆಟ್ ಹಾಕಿ ಹಾರಿದ್ದು, ಬೆಂಕಿ ಆರಿಸಿದ್ದು, ಪ್ರಥಮ ಚಿಕಿತ್ಸೆ, ಸೆಕ್ಯುರಿಟಿ ಕೋರ್ಸ್ ಎಲ್ಲ ಮಾಡಿಸಿದರು. ಇಂಡೋಸ್ ನಂಬರ್ (ನಾವಿಕರ ಗುರುತಿನ ಸಂಖ್ಯೆ) ಬಂತು. ಸಿಡಿಸಿ ಕೂಡ ಅಸಲಿ, ಹತ್ತು ವರ್ಷದ ಅವಧಿಯದು, ಇವತ್ತಿಗೂ ಅದೇ ಪುಸ್ತಕ ನನ್ನ ಕೈಯಲ್ಲಿದೆ. ಅದಕ್ಕೇ ಹೇಳುತ್ತಿದ್ದೇನೆ, ನಿನ್ನ ಏಜೆಂಟ್ ಅಸಲಿ ಸಿಡಿಸಿ ಮಾಡಿಸಿಕೊಟ್ಟ ಅಂತ ಅವನನ್ನು ನಂಬಬೇಡ. ಸಿಡಿಸಿ ಅಂದರೆ ಕೆಲಸ ಅಲ್ಲ. ನೀನು ಯಾವ ಹಡಗು ಹತ್ತಿದೆ, ಯಾವಾಗ ಇಳಿದೆ ಅಂತ ಬರೆದಿಡುವ ಪುಸ್ತಕ, ಅಷ್ಟೇ. ನಿಯಮದ ಪ್ರಕಾರ ಹತ್ತದಿದ್ದರೆ ಅದರ ಪುಟ ಖಾಲಿಯಾಗೇ ಇರುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ನಾನು ವಿಚಾರಿಸದೆ ಹೋದವನಲ್ಲ, ವಿಚಾರಿಸಿಯೂ ಸಿಕ್ಕಿಬಿದ್ದವನು.

ಭಾರತದಿಂದ ಯಾರನ್ನೇ ಹಡಗಿಗೆ ಕಳಿಸಬೇಕಾದರೂ ಕಳಿಸುವ ಕಂಪನಿಗೆ ಡಿಜಿ ಶಿಪ್ಪಿಂಗ್, ಅಂದರೆ ಕೇಂದ್ರ ಸರ್ಕಾರದ ಹಡಗು ಇಲಾಖೆ, ಕೊಟ್ಟ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು. ಇದು ನನಗೆ ಗೊತ್ತಿತ್ತು, ಕೇಳಿದೆ. ಅವನು ಮೇಜಿನ ಡ್ರಾಯರಿಂದ ಲ್ಯಾಮಿನೇಷನ್ ಮಾಡಿಸಿದ ಒಂದು ಕಾಗದ ತೆಗೆದು ನನ್ನ ಕಡೆ ತಿರುಗಿಸಿ ಇಟ್ಟ. ಮೇಲೆ ನಂಬರ್, ಕೆಳಗೆ ಸೀಲು. ಜೊತೆಗೆ ಬಂದಿದ್ದ ನನ್ನ ಬಾವ ಅಲ್ಲೇ ಕೂತು ಫೋನಿನಲ್ಲಿ ಡಿಜಿ ಶಿಪ್ಪಿಂಗ್ ಪಟ್ಟಿ ತೆಗೆದ. ನಂಬರ್ ಸಿಕ್ಕಿತು. ಕಂಪನಿ ಹೆಸರೂ ಸರಿ ಇತ್ತು. ಬಾವ ನನ್ನ ಮುಖ ನೋಡಿ ತಲೆಯಾಡಿಸಿದ, ನಾನು ದುಡ್ಡಿನ ಕವರ್ ಕೊಟ್ಟೆ. ಆ ನಂಬರ್ ನಿಜವಾದದ್ದು, ಆ ಕಂಪನಿಯೂ ನಿಜವಾದದ್ದು. ಆದರೆ ಈ ಮನುಷ್ಯನಿಗೂ ಆ ಕಂಪನಿಗೂ ಸಂಬಂಧವೇ ಇರಲಿಲ್ಲ. ಬೇರೆಯವರ ಲೈಸೆನ್ಸಿನ ಜೆರಾಕ್ಸ್ ಇಟ್ಟುಕೊಂಡಿದ್ದ. ಪಟ್ಟಿಯಲ್ಲಿದ್ದ ವಿಳಾಸ ಬೇರೆ, ನಾವು ಕೂತಿದ್ದ ವಿಳಾಸ ಬೇರೆ, ಅದನ್ನು ನಾವಿಬ್ಬರೂ ನೋಡಲಿಲ್ಲ. ಪಟ್ಟಿಯಲ್ಲಿರುವ ಕಂಪನಿಗೆ ನಾವೇ ನೇರವಾಗಿ ಫೋನ್ ಮಾಡಿ, ಇಂಥ ಹೆಸರಿನವನು ನಿಮ್ಮವನಾ, ಇಂಥ ಹಡಗಿಗೆ ನೀವು ಜನ ತೆಗೆದುಕೊಳ್ಳುತ್ತಿದ್ದೀರಾ ಅಂತ ಕೇಳಿದ್ದರೆ ಎರಡು ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತಿತ್ತು. ಅದೊಂದು ಫೋನ್ ಮಾಡಲಿಲ್ಲ. ಏಜೆಂಟ್ ಕೊಟ್ಟ ನಂಬರಿಗೆ ಮಾಡಿದರೆ ಅವನ ಕಡೆಯವರೇ ಎತ್ತುತ್ತಾರೆ, ಅದು ಲೆಕ್ಕಕ್ಕಿಲ್ಲ. ನೀನೇ ಹುಡುಕಿ ತೆಗೆದ ನಂಬರಿಗೆ ಮಾಡಬೇಕು.

ಆಮೇಲೆ ವಿಸಿಟ್ ವೀಸಾದಲ್ಲಿ ಶಾರ್ಜಾಗೆ ಕಳಿಸಿದರು. ವಿಸಿಟ್ ವೀಸಾ ಅಂದಾಗಲೇ ಎದ್ದು ಬರಬೇಕಿತ್ತು, ಆದರೆ ಅಷ್ಟರಲ್ಲಿ ಬಂಗಾರ ಅಡವಿನಲ್ಲಿತ್ತಲ್ಲ, ಕಾಲು ಹಿಂದೆ ಬರಲಿಲ್ಲ. ಅದೊಂದು ಹಳೇ ಚಿಕ್ಕ ಟ್ಯಾಂಕರ್. ಎಂಟು ತಿಂಗಳು ಇದ್ದೆ, ಸಂಬಳ ಬಂದದ್ದು ಎರಡು ತಿಂಗಳಿನದು. ಜಾಸ್ತಿ ದಿನ ಲಂಗರು ಹಾಕಿಕೊಂಡೇ ಇರುತ್ತಿದ್ದೆವು. ದೂರದಲ್ಲಿ ಊರಿನ ದೀಪ ಕಾಣುತ್ತಿತ್ತು, ಪಾಸ್‌ಪೋರ್ಟ್ ಕ್ಯಾಪ್ಟನ್ ಹತ್ತಿರ. ಕುಡಿಯುವ ನೀರನ್ನೂ ಅಳೆದು ಕೊಡುತ್ತಿದ್ದರು. ಕೊನೆಗೆ ಮನೆಯವರು ಇನ್ನಷ್ಟು ಸಾಲ ಮಾಡಿ ಟಿಕೆಟ್ ಕಳಿಸಿದ ಮೇಲೆ ವಾಪಸ್ ಬಂದೆ. ಸಿಡಿಸಿಯಲ್ಲಿ ಒಂದು ಸಾಲೂ ಇಲ್ಲ. ಅಂದರೆ ಆ ಎಂಟು ತಿಂಗಳ ಸಮುದ್ರ ಸೇವೆ ಲೆಕ್ಕದಲ್ಲಿ ಸೊನ್ನೆ. ದುಡ್ಡು ಹೋದದ್ದಕ್ಕಿಂತ ಅದೇ ಜಾಸ್ತಿ ನೋವಾಯಿತು.

ನೀನು ಎರಡು ದಾರಿಯಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀಯ. ನನ್ನ ಪ್ರಕಾರ ಎರಡು ದಾರಿ ಇಲ್ಲವೇ ಇಲ್ಲ. ಡೆಕ್ಕಿನಲ್ಲಿ ಎಬಿ (ನುರಿತ ನಾವಿಕ) ಆಗಬೇಕು, ಬೋಸನ್ (ಡೆಕ್ ಕೆಲಸಗಾರರ ಮೇಸ್ತ್ರಿ) ಆಗಬೇಕು ಅಂದರೆ ಜಿಪಿ ರೇಟಿಂಗ್ ಒಂದೇ. ಬರೀ ಬೇಸಿಕ್ ಕೋರ್ಸ್, ಸಿಡಿಸಿ ಇಟ್ಟುಕೊಂಡು ಹೋದವನನ್ನು ಒಳ್ಳೆ ಕಂಪನಿಯವರು ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ. ನಾನು 2021ರಲ್ಲಿ, ಇಪ್ಪತ್ಮೂರನೇ ವಯಸ್ಸಿನಲ್ಲಿ ಆ ಕೋರ್ಸಿಗೆ ಸೇರಿದೆ. ಇಪ್ಪತ್ತೈದು ದಾಟಿದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಎರಡೇ ವರ್ಷ ಬಾಕಿ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಸೇರಿ ಶೇಕಡಾ 40 ಬೇಕು, ಇಂಗ್ಲಿಷಿನಲ್ಲೂ 40 ಬೇಕು. ಜಿಪಿ ಅಂದರೆ ಜನರಲ್ ಪರ್ಪಸ್, ಡೆಕ್ಕೂ ಕಲಿಸುತ್ತಾರೆ, ಎಂಜಿನ್ನೂ ಕಲಿಸುತ್ತಾರೆ. ಕೊನೆಗೆ ಬಿಇಎಸ್ ಅನ್ನುವ ಮಂಡಳಿಯ ಪರೀಕ್ಷೆ. ಹಾಸ್ಟೆಲ್ ಎಲ್ಲ ಸೇರಿ ನನಗೆ ಎರಡೂವರೆ ಲಕ್ಷದ ಹತ್ತಿರ ಖರ್ಚಾಯಿತು, ಅಂದರೆ ಏಜೆಂಟನಿಗೆ ಕೊಟ್ಟದ್ದಕ್ಕಿಂತ ಕಡಿಮೆ.

ದೋಣಿಯವರ ಮಕ್ಕಳಿಗೆ ಆರು ತಿಂಗಳು ಕಲಿಯಲು ಏನಿದೆ ಅಂತ ಬರೆದಿದ್ದೀಯಲ್ಲ, ಅದು ನನಗೆ ಸರಿ ಅನಿಸಲಿಲ್ಲ. ಗಂಟು ಹಾಕುವುದು ನನಗೂ ಬರುತ್ತಿತ್ತು. ಆದರೆ ಹಡಗು ಕಟ್ಟುವ ಹಗ್ಗ ತೋಳಿನಷ್ಟು ದಪ್ಪ. ಬಿಗಿ ಹಿಡಿದಾಗ ಅದು ಸಣ್ಣಗೆ ಕಿರ್ ಅನ್ನಲು ಶುರು ಮಾಡುತ್ತದೆ, ಆಗ ಅದರ ಸಾಲಿನಲ್ಲಿ ನಿಂತಿರಬಾರದು. ತುಂಡಾದರೆ ಹಿಂದಕ್ಕೆ ಬಂದು ಹೊಡೆದ ಏಟಿಗೆ ಮನುಷ್ಯ ಉಳಿಯುವುದಿಲ್ಲ. ಆ ಟ್ಯಾಂಕರಿನಲ್ಲಿ ಇದನ್ನು ನನಗೆ ಯಾರೂ ಹೇಳಲಿಲ್ಲ. ಎಂಟು ತಿಂಗಳು ತಪ್ಪು ಜಾಗದಲ್ಲೇ ನಿಂತಿದ್ದೆ ಅಂತ ಕೋರ್ಸಿನಲ್ಲಿ ಗೊತ್ತಾಯಿತು, ಆ ರಾತ್ರಿ ನಿದ್ದೆ ಬರಲಿಲ್ಲ.

ಕೋರ್ಸ್ ಮುಗಿದ ಕೂಡಲೇ ಕೆಲಸ ಸಿಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ನಾನು ಎಂಟು ತಿಂಗಳು ಕಾದೆ. ಕಾಯುತ್ತಾ ಕಾಯುತ್ತಾ ಮತ್ತೆ ಏಜೆಂಟರ ಕೈಗೆ ಬಿದ್ದ ಹುಡುಗರೂ ಇದ್ದಾರೆ. ಅದಕ್ಕೇ ಕಾಲೇಜು ಆರಿಸುವಾಗ ಬ್ರೋಷರ್ ನೋಡಬೇಡ. ಡಿಜಿ ಶಿಪ್ಪಿಂಗ್ ಪಟ್ಟಿಯಲ್ಲಿ ಇದೆಯಾ ನೋಡು, ಆಮೇಲೆ ಹಿಂದಿನ ಬ್ಯಾಚಿನ ನಾಲ್ಕು ಹುಡುಗರನ್ನು ಹುಡುಕಿ, ಅವರಲ್ಲಿ ಎಷ್ಟು ಜನ ಹಡಗು ಹತ್ತಿದ್ದಾರೆ, ಯಾವ ಕಂಪನಿ, ದುಡ್ಡು ಕೊಟ್ಟು ಹತ್ತಿದ್ದಾ ಅಂತ ಕೇಳು. ಕೆಲಸ ಕೊಡಿಸಲು ದುಡ್ಡು ಕೇಳುವಂತೆಯೇ ಇಲ್ಲ. ಭಾರತ 2015ರಲ್ಲಿ ಒಪ್ಪಿಕೊಂಡ, ಹಡಗು ಕೆಲಸಗಾರರ ಅಂತರರಾಷ್ಟ್ರೀಯ ಒಪ್ಪಂದವಾದ ಎಂಎಲ್‌ಸಿ ನಿಯಮದ ಪ್ರಕಾರ ಮೆಡಿಕಲ್, ಸಿಡಿಸಿ, ಪಾಸ್‌ಪೋರ್ಟ್ ಖರ್ಚು ಮಾತ್ರ ನಿನ್ನ ಮೇಲೆ ಬೀಳಬಹುದು. ವೀಸಾ ಖರ್ಚು ಹಡಗಿನವರದ್ದು. ನನ್ನ ಎರಡನೇ ಹಡಗಿಗೆ ನಾನು ಒಂದು ರೂಪಾಯಿ ಕೊಡಲಿಲ್ಲ. ಟ್ರೈನಿಯಾಗಿ ಸಿಕ್ಕಿದ್ದು ತಿಂಗಳಿಗೆ 300 ಡಾಲರ್, ಆದರೆ ಪ್ರತಿ ತಿಂಗಳೂ ಬಂತು. ಚುಕ್ಕಾಣಿ ಹಿಡಿದ ಗಂಟೆಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಸಿಕೊಂಡೆ, ವಾಚ್‌ಕೀಪಿಂಗ್ (ಪಾಳಿ ಕಾಯುವ) ಸರ್ಟಿಫಿಕೇಟ್ ಆಯಿತು, ಈಗ ಬಲ್ಕ್ ಕ್ಯಾರಿಯರಿನಲ್ಲಿ (ಅದಿರು, ಧಾನ್ಯ ಸಾಗಿಸುವ ಹಡಗು) ಎಬಿ ಆಗಿದ್ದೇನೆ. ಸರ ಬಿಡಿಸಿ ತಂದೆ. ಬಳೆ ಹರಾಜಾಗಿ ಹೋಗಿತ್ತು.

ಎಲ್ಲಕ್ಕಿಂತ ಮೊದಲು ಕಣ್ಣು ತೋರಿಸು. ಡಿಜಿ ಅನುಮತಿ ಇರುವ ಡಾಕ್ಟರ್ ಹತ್ತಿರವೇ ಹೋಗು. ಬಣ್ಣ ಗುರುತಿಸಲು ಬರದಿದ್ದರೆ ಡೆಕ್ಕಿಗೆ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ರಾತ್ರಿ ಎದುರಿನ ಹಡಗಿನ ಕೆಂಪು ದೀಪ, ಹಸಿರು ದೀಪ ನೋಡಿಯೇ ಅದು ಯಾವ ಕಡೆ ಹೋಗುತ್ತಿದೆ ಅಂತ ತಿಳಿಯಬೇಕು. ನನ್ನ ಜೊತೆ ಅರ್ಜಿ ಹಾಕಿದ ಒಬ್ಬನಿಗೆ ಬಣ್ಣದ ಚುಕ್ಕೆಗಳ ಶೀಟಿನಲ್ಲಿದ್ದ ಅಂಕಿ ಕಾಣಲೇ ಇಲ್ಲ, ಅಷ್ಟರಲ್ಲಿ ಅವನು ಫೀಸಿನ ಮುಂಗಡ ಕಟ್ಟಿಬಿಟ್ಟಿದ್ದ.

ಮೆಡಿಕಲ್ ಆದ ಮೇಲೆ ಇಲ್ಲೇ ಬರೆ. ಏಜೆಂಟ್ ತೋರಿಸಿದ ಆರ್‌ಪಿಎಸ್‌ಎಲ್ ನಂಬರೂ ಹಾಕು, ಕಂಪನಿಗೆ ನಾನೇ ಫೋನ್ ಮಾಡಿ ವಿಚಾರಿಸುತ್ತೇನೆ. ಮುಂದಿನ ತಿಂಗಳು ಹದಿನಾಲ್ಕರವರೆಗೆ ಊರಲ್ಲೇ ಇರುತ್ತೇನೆ, ಆಮೇಲೆ ಹಡಗು ಹತ್ತಬೇಕು.