ಓದುಗರ ಪ್ರಶ್ನೆ: ಕರೆದಾಗ ಬರುವ ಕರೆಂಟು, ಬಾರದ ಕರೆಂಟು

ಪ್ರಶ್ನೆ: ಸಂಜೆ ಬೇಡಿಕೆ ಏರಿದಾಗ ಜಲವಿದ್ಯುತ್ ಘಟಕವನ್ನು ತಕ್ಷಣ ಚಾಲೂ ಮಾಡುತ್ತಾರೆ. ನಿಂತಿರುವ ಕಲ್ಲಿದ್ದಲು ಘಟಕವನ್ನೂ ಹಾಗೇ ಚಾಲೂ ಮಾಡಬಾರದೇಕೆ?

ಉತ್ತರ: ದಪ್ಪ ಉಕ್ಕನ್ನು ಆತುರದಲ್ಲಿ ಬಿಸಿ ಮಾಡುವಂತಿಲ್ಲ, ಅಷ್ಟೇ. ಕುಲುಮೆಯಲ್ಲಿ ಮೊದಲು ಎಣ್ಣೆಯ ಬರ್ನರ್ ಹೊತ್ತಿಸುತ್ತಾರೆ. ಒಳಗೆ ಸಾಕಷ್ಟು ಕಾವು ಏರಿದ ಮೇಲೆ ಕಲ್ಲಿದ್ದಲ ಪುಡಿ ಊದುತ್ತಾರೆ. ದೊಡ್ಡ ಬಾಯ್ಲರಿನ ಡ್ರಮ್ಮಿನ (ನೀರು, ಹಬೆ ಬೇರೆಯಾಗುವ ಉಕ್ಕಿನ ಕೊಳಗ) ಗೋಡೆ 10 ಸೆಂ.ಮೀ.ಗಿಂತಲೂ ದಪ್ಪ. ಒಳಮೈ ಬೇಗ ಕಾದು ಹೊರಮೈ ತಣ್ಣಗೇ ಉಳಿದರೆ ಲೋಹ ದಣಿದು, ಕ್ರಮೇಣ ಬಿರುಕು ಬಿಡುತ್ತದೆ.

ಟರ್ಬೈನಿನದು ಇನ್ನೂ ನಾಜೂಕು. ಸುಮಾರು 540 ಡಿಗ್ರಿ ಸೆಲ್ಸಿಯಸ್ ಹಬೆ ತಗುಲಿದಾಗ ಒಳಗೆ ತಿರುಗುವ ಹಗುರವಾದ ರೋಟರ್ ಬೇಗ ಹಿಗ್ಗುತ್ತದೆ, ಅದರ ಸುತ್ತಲಿನ ಭಾರದ ಕವಚ, ಅಂದರೆ ಕೇಸಿಂಗ್, ನಿಧಾನಕ್ಕೆ. ಎರಡರ ನಡುವೆ ಇರುವ ಸಂದು ಕೆಲವೇ ಮಿಲಿಮೀಟರ್. ಅದು ಮುಗಿದರೆ ತಿರುಗುವ ಭಾಗ ನಿಂತ ಭಾಗಕ್ಕೆ ಉಜ್ಜಿ, ಕಂಪನ ಏರಿ, ಘಟಕ ಟ್ರಿಪ್ ಆಗುತ್ತದೆ, ಅಂದರೆ ರಕ್ಷಣೆಗಾಗಿ ತಾನೇ ನಿಂತುಬಿಡುತ್ತದೆ. ನಿಲ್ಲಿಸುವಾಗಲೂ ತಲೆನೋವು ತಪ್ಪಿದ್ದಲ್ಲ: ಬಿಸಿ ರೋಟರನ್ನು ಹಾಗೇ ಬಿಟ್ಟರೆ ಮೇಲ್ಭಾಗ ಬಿಸಿಯಾಗಿ, ಕೆಳಭಾಗ ತಣ್ಣಗಾಗಿ ಬಾಗುತ್ತದೆ. ಅದಕ್ಕೇ ಮೋಟಾರಿನಿಂದ ಅದನ್ನು ನಿಧಾನವಾಗಿ ತಿರುಗಿಸುತ್ತಲೇ ಇರುತ್ತಾರೆ.

ಹೀಗಾಗಿ ಹಲವು ದಿನ ನಿಂತು ಪೂರ್ತಿ ತಣಿದ ಘಟಕಕ್ಕೆ ಎಂಟು–ಹತ್ತು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ರಾತ್ರಿಯಷ್ಟೇ ನಿಂತು ಇನ್ನೂ ಬಿಸಿಯಿದ್ದರೆ ಕೆಲವೇ ಗಂಟೆ ಸಾಕು.

ಜಲವಿದ್ಯುತ್ತಿನಲ್ಲಿ ಕಾಯಿಸುವ ಕೆಲಸವೇ ಇಲ್ಲ. ಕವಾಟ ತೆರೆದು, ವೇಗ ಸರಿಹೊಂದಿಸಿ, ವೋಲ್ಟೇಜ್, ಫ್ರೀಕ್ವೆನ್ಸಿ, ಫೇಸ್ ಕೋನ (ವಿದ್ಯುತ್ ಅಲೆಯ ಏರಿಳಿತದ ಹೊತ್ತು) ಗ್ರಿಡ್‌ಗೆ ಹೊಂದಿದೊಡನೆ ಬ್ರೇಕರ್ ಎಂಬ ದೊಡ್ಡ ಸ್ವಿಚ್ ಹಾಕಿದರಾಯಿತು. ಕೆಲವೇ ನಿಮಿಷದ ಮಾತು. ಸೆಕೆಂಡಿಗೆ 10 ಘನ ಮೀಟರ್ ನೀರು 100 ಮೀಟರ್ ಎತ್ತರದಿಂದ ಇಳಿದರೆ 10 × 100 × 9.81 (ಗುರುತ್ವ) = 9,810 ಕಿಲೋವಾಟ್. ಯಂತ್ರದ ದಕ್ಷತೆ ಶೇ. 90 ಎಂದರೆ ಕೈಗೆ ಸಿಗುವುದು ಸುಮಾರು 8.8 ಮೆಗಾವಾಟ್. ಜಲಾಶಯದಲ್ಲಿ ನೀರಿರಬೇಕು ಅನ್ನಿ!

ಪ್ರಶ್ನೆ: ಸುಡುಬಿಸಿಲಿನಲ್ಲಿ ಸೌರ ಫಲಕದ ಉತ್ಪಾದನೆ ಕುಗ್ಗುವುದು ನಿಜವೇ?

ಉತ್ತರ: ನಿಜ. ಫಲಕಕ್ಕೆ ಬೇಕಾದ್ದು ಬೆಳಕು, ಕಾವಲ್ಲ. ಅದರ ಮೇಲೆ ಬರೆದ ವಾಟ್ ಸೆಲ್ಲಿನ ಉಷ್ಣತೆ 25 ಡಿಗ್ರಿ ಇದ್ದಾಗಿನದು. ಮುಂದಿನ ಪ್ರತಿ ಡಿಗ್ರಿಗೆ ಶೇ. 0.35ರಷ್ಟು ಇಳಿಯುವ 400 ವಾಟ್ ಫಲಕ 65 ಡಿಗ್ರಿಯಲ್ಲಿ ಕೊಡುವುದು 344 ವಾಟ್. ಫಲಕವನ್ನು ಮೇಲ್ಛಾವಣಿಗೆ ಅಂಟಿಸಿದಂತೆ ಕೂರಿಸಬೇಡಿ. ಅಡಿಯಲ್ಲಿ 10–15 ಸೆಂ.ಮೀ. ಜಾಗ ಬಿಟ್ಟರೆ ಗಾಳಿಯಾಡುತ್ತದೆ. ನೆರಳು ಇದಕ್ಕಿಂತ ಕೆಟ್ಟದ್ದು. ಮೂರು ಬೈಪಾಸ್ ಡಯೋಡ್ (ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟು ಸಾಗಿಸುವ ಬಿಡಿಭಾಗ) ಇರುವ ಸಾಮಾನ್ಯ ಫಲಕದಲ್ಲಿ ಒಂದೇ ಸೆಲ್ಲನ್ನು ಎಲೆ ಮುಚ್ಚಿದರೂ ಮೂರನೇ ಒಂದು ಭಾಗ ಹೋಗಬಹುದು.

ಪ್ರಶ್ನೆ: ಬಿರುಗಾಳಿಯಲ್ಲಿ ಗಾಳಿಯಂತ್ರ ನಿಲ್ಲುವುದೇಕೆ?

ಉತ್ತರ: ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿನ ಶಕ್ತಿ ಎಂಟು ಪಟ್ಟು. ಸೆಕೆಂಡಿಗೆ 12–13 ಮೀಟರ್ ವೇಗದ ಹೊತ್ತಿಗೆ ಜನರೇಟರಿನ ಪೂರ್ಣ ಸಾಮರ್ಥ್ಯ ಮುಟ್ಟಿರುತ್ತದೆ. ಅಲ್ಲಿಂದಾಚೆ ಅಲಗುಗಳ ಕೋನ ತಿರುಗಿಸಿ ಹೆಚ್ಚಿನ ಗಾಳಿಯನ್ನು ಬಿಟ್ಟುಕೊಡುತ್ತಾರೆ. ವೇಗ ಸೆಕೆಂಡಿಗೆ 25 ಮೀಟರ್ ಆಸುಪಾಸಿಗೆ ಬಂದಾಗ ಅಲಗಿನ ಅಂಚು ಗಾಳಿಗೆ ಎದುರಾಗುವಂತೆ ತಿರುಗಿ ಯಂತ್ರ ತಾನೇ ನಿಲ್ಲುತ್ತದೆ.