ಮಂತ್ರಿ ಉತ್ತರಿಸಬೇಕಾದ ಪ್ರಶ್ನೆ ನಿಮ್ಮ ಪತ್ರದಲ್ಲಿದೆಯೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಮೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಕೇರ್ ಹೋಮ್ ಒಂದಕ್ಕೆ ಕೆಲಸಕ್ಕೆ ಬಂದೆ. ಬರುವ ಮೊದಲೇ ಏಜೆಂಟ್ ಕೈಗೆ ಲಕ್ಷಗಟ್ಟಲೆ ಹಣ ಕೊಟ್ಟಿದ್ದೆವು. ಈಗ ಸಂಸ್ಥೆಯ ಸ್ಪಾನ್ಸರ್ ಪರವಾನಗಿ, ಅಂದರೆ ಹೊರದೇಶದವರನ್ನು ಕೆಲಸಕ್ಕಿಟ್ಟುಕೊಳ್ಳುವ ಅನುಮತಿ, ರದ್ದಾಗಿದೆ. 60 ದಿನಗಳೊಳಗೆ ಬೇರೆ ಸ್ಪಾನ್ಸರ್ ಹುಡುಕಿಕೊಳ್ಳಿ, ಇಲ್ಲವೇ ದೇಶ ಬಿಡಿ ಎಂದು ಪತ್ರ ಬಂದಿದೆ. ನನ್ನಂತೆ 11 ಮಂದಿ ಇದ್ದೇವೆ. ನಮ್ಮ ಕಷ್ಟವನ್ನೆಲ್ಲ ವಿವರವಾಗಿ ಬರೆದು ಲಂಡನ್ನಿನ 40 ಮಂದಿ ರಾಜಕೀಯ ವರದಿಗಾರರಿಗೆ ಒಟ್ಟಿಗೇ ಇಮೇಲ್ ಮಾಡಿದೆವು. ಒಬ್ಬರೂ ಉತ್ತರಿಸಲಿಲ್ಲ. ಎಲ್ಲಿ ತಪ್ಪಿದೆವು?
– ಹೆಸರು ಬೇಡ, ಲೆಸ್ಟರ್

ಉತ್ತರ: ಪತ್ರಿಕೆಯ ಮಾತಿಗೆ ಮೊದಲು ನಿಮ್ಮ 60 ದಿನಗಳ ಮಾತು. ಪತ್ರದಲ್ಲಿರುವ ಕೊನೆಯ ದಿನಾಂಕವನ್ನು ಗೋಡೆಯ ಮೇಲೆ ಬರೆದುಕೊಳ್ಳಿ. ಸರ್ಕಾರದ ಮಾನ್ಯತೆ ಇರುವ ವಲಸೆ ಸಲಹೆಗಾರರನ್ನೋ ವಕೀಲರನ್ನೋ ಈ ವಾರವೇ ಕಾಣಿ. ಸುದ್ದಿ ಪ್ರಕಟವಾದರೂ ವೀಸಾ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ. ಇದನ್ನು ಮೊದಲೇ ಹೇಳದೆ ಇದ್ದರೆ ನಾನು ನಿಮಗೆ ಅನ್ಯಾಯ ಮಾಡಿದಂತೆ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ನಿಮ್ಮ ಕಷ್ಟ ಸಣ್ಣದೆಂದು ಯಾರೂ ತಿಳಿದಿಲ್ಲ. ನೀವು ಪತ್ರ ಬರೆದದ್ದು ಬ್ರಿಟಿಷ್ ಸಂಸತ್ತು ಇರುವ ವೆಸ್ಟ್‌ಮಿನ್‌ಸ್ಟರ್ ವರದಿಗಾರರಿಗೆ. ಅವರನ್ನು ಅಲ್ಲಿ ‘ಲಾಬಿ ಪತ್ರಕರ್ತರು’ ಎನ್ನುತ್ತಾರೆ. ನಮ್ಮಲ್ಲಿ ಲಾಬಿ ಎಂದರೆ ಒತ್ತಡ ಹೇರುವುದು ಎಂಬ ಅರ್ಥ ಬಂದುಬಿಟ್ಟಿದೆ. ಅಲ್ಲಿ ಅದು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ಪಕ್ಕದ ಪಡಸಾಲೆ, ಪಾಸ್ ಪಡೆದ ವರದಿಗಾರರು ಸಂಸದರನ್ನು ನಿಲ್ಲಿಸಿ ಮಾತನಾಡಿಸಬಹುದಾದ ಜಾಗ. 1884ರಿಂದ ಈ ವ್ಯವಸ್ಥೆ ನಡೆದುಬಂದಿದೆ. ಪ್ರಧಾನಿಯ ವಕ್ತಾರರ ಗೋಷ್ಠಿ, ಬುಧವಾರ ಮಧ್ಯಾಹ್ನ 12ಕ್ಕೆ ಪ್ರಧಾನಿಯ ಪ್ರಶ್ನೋತ್ತರ, ಪಕ್ಷಗಳ ಒಳಜಗಳ: ಇವರ ದಿನ ಕಳೆಯುವುದು ಇದರಲ್ಲಿ. ಯಾವ ಪತ್ರ ಬಂದರೂ ಅವರು ಕೇಳಿಕೊಳ್ಳುವುದು ಒಂದೇ: ಇದಕ್ಕೆ ಉತ್ತರ ಕೊಡಬೇಕಾದವರು ಯಾರು, ಅವರು ಮೊದಲು ಏನು ಹೇಳಿದ್ದರು?

ನಿಮ್ಮ ಪತ್ರದಲ್ಲಿ ಏಜೆಂಟ್ ಇದ್ದಾನೆ, ಮಾಲೀಕರಿದ್ದಾರೆ, ಕಣ್ಣೀರಿದೆ. ಮಂತ್ರಿ ಇಲ್ಲ. ಆದರೆ ನಿಮ್ಮ ಕಥೆಯೊಳಗೆ ಮಂತ್ರಿ ಇದ್ದೇ ಇದ್ದಾರೆ, ನೀವು ಅವರನ್ನು ಹೊರಗೆ ಕರೆದಿಲ್ಲ ಅಷ್ಟೆ. 2022ರ ಜುಲೈಯಿಂದ 2024ರ ಡಿಸೆಂಬರ್‌ವರೆಗೆ ಆರೈಕೆ ಕ್ಷೇತ್ರದ 470ಕ್ಕೂ ಹೆಚ್ಚು ಸಂಸ್ಥೆಗಳ ಪರವಾನಗಿ ರದ್ದು ಮಾಡಿದ್ದಾಗಿ ಬ್ರಿಟಿಷ್ ಸರ್ಕಾರವೇ ಹೇಳಿದೆ. ಆ ಸಂಸ್ಥೆಗಳ ಜೊತೆ ನಂಟಿದ್ದ ಕೆಲಸಗಾರರು 39,000ಕ್ಕೂ ಹೆಚ್ಚು. ಹೀಗೆ ಕೆಲಸ ಕಳೆದುಕೊಂಡು ದೇಶದೊಳಗೇ ಉಳಿದವರನ್ನು ಮೊದಲು ಸೇರಿಸಿಕೊಳ್ಳಲು ಯತ್ನಿಸಬೇಕು, ಆಮೇಲಷ್ಟೇ ಹೊರಗಿನವರು ಎಂದು 2025ರ ಏಪ್ರಿಲ್ 9ರಿಂದ ಇಂಗ್ಲೆಂಡಿನ ಸಂಸ್ಥೆಗಳಿಗೆ ನಿಯಮ ಬಂತು. ಅದೇ ವರ್ಷ ಜುಲೈ 22ರಿಂದ ಹೊರದೇಶಗಳಿಂದ ಕೇರ್ ವರ್ಕರ್‌ಗಳ ಹೊಸ ನೇಮಕವೇ ನಿಂತಿತು. ಅಂದರೆ ದೇಶದೊಳಗಿರುವ ನಿಮ್ಮಂಥವರಿಗೆ ಬಾಗಿಲು ತೆರೆದಿರಬೇಕಿತ್ತು. ತೆರೆದಿದೆಯೇ? ನೀವು 11 ಮಂದಿ ಎಷ್ಟು ಕಡೆ ಅರ್ಜಿ ಹಾಕಿದಿರಿ, ಎಷ್ಟು ಸಂದರ್ಶನ ನಡೆದವು, ಸ್ಪಾನ್ಸರ್ ಮಾಡುತ್ತೇವೆ ಎಂದವರು ಎಷ್ಟು? ಈ ಮೂರು ಸಂಖ್ಯೆಗಳನ್ನು ಈ ದಿನವೇ ಒಂದು ಹಾಳೆಯಲ್ಲಿ ಬರೆಯಿರಿ. ಸರ್ಕಾರ ಕೊಟ್ಟ ಮಾತಿಗೂ ನಿಮ್ಮ ಹಾಳೆಗೂ ನಡುವೆ ಇರುವ ಅಂತರವೇ ಸುದ್ದಿ.

ಹೊಸ ಪತ್ರ ಹೀಗೆ ಶುರುವಾಗಲಿ: ‘ಕೆಲಸ ಕಳೆದುಕೊಂಡ ಕೇರ್ ವರ್ಕರ್‌ಗಳಿಗೆ ಮೊದಲ ಅವಕಾಶ ಎಂದು ಸರ್ಕಾರ 2025ರಲ್ಲಿ ನಿಯಮ ಮಾಡಿತ್ತು. ಒಂದೇ ಸಂಸ್ಥೆಯ ನಾವು 11 ಮಂದಿ ಇಷ್ಟು ಅರ್ಜಿ ಹಾಕಿದ್ದೇವೆ, ಕೆಲಸ ಸಿಕ್ಕಿದ್ದು ಇಷ್ಟು ಮಂದಿಗೆ. ನಮ್ಮಲ್ಲಿ ಮೊದಲನೆಯವರ ವೀಸಾ ಈ ದಿನ ಮುಗಿಯುತ್ತದೆ. ಅರ್ಜಿಗಳು, ಉತ್ತರಗಳು, ಗೃಹ ಇಲಾಖೆಯ ಪತ್ರ ನಮ್ಮ ಬಳಿ ಇವೆ. ಇಬ್ಬರು ಹೆಸರು ಹೇಳಿ ಮಾತನಾಡಲು ಸಿದ್ಧರಿದ್ದಾರೆ.’ ಇಷ್ಟೇ ಸಾಕು. ಏಜೆಂಟನ ಕಥೆಯನ್ನು ಎರಡನೆಯ ಮಾತುಕತೆಗೆ ಇಟ್ಟುಕೊಳ್ಳಿ. ಇಮೇಲಿನ ವಿಷಯದ ಸಾಲಿನಲ್ಲಿ ‘ದಯವಿಟ್ಟು ಸಹಾಯ ಮಾಡಿ’ ಎಂದು ಬರೆಯದೆ ಆ ಸಂಖ್ಯೆಯನ್ನೇ ಬರೆಯಿರಿ.

40 ಮಂದಿಗೆ ಒಟ್ಟಿಗೆ ಕಳಿಸಿದ್ದು ಎರಡನೆಯ ತಪ್ಪು. ಎಲ್ಲರ ಕೈಯಲ್ಲೂ ಇರುವುದನ್ನು ಯಾರೂ ಸುದ್ದಿ ಎಂದು ಎತ್ತಿಕೊಳ್ಳುವುದಿಲ್ಲ. ಕಳೆದ ಆರು ತಿಂಗಳಲ್ಲಿ ಆರೈಕೆ ಅಥವಾ ವಲಸೆಯ ಬಗ್ಗೆ ನಿಜವಾಗಿ ಬರೆದ ಒಬ್ಬರನ್ನು ಆರಿಸಿ, ‘ಶುಕ್ರವಾರದವರೆಗೆ ಇದು ನಿಮಗೆ ಮಾತ್ರ’ ಎಂದು ಹೇಳಿ. ಉತ್ತರ ಬರದಿದ್ದರೆ ಮುಂದಿನವರಿಗೆ ಕಳಿಸಿ. ಆ ಒಬ್ಬರು ರಾಜಕೀಯ ವರದಿಗಾರರೇ ಆಗಬೇಕಿಲ್ಲ.

ಇಲ್ಲಿ ವಿಂಡ್‌ರಶ್ ಪ್ರಕರಣವನ್ನು ನೆನಪಿಸುತ್ತೇನೆ. ದಶಕಗಳಿಂದ ಕಾನೂನುಬದ್ಧವಾಗಿ ಬ್ರಿಟನ್ನಿನಲ್ಲಿದ್ದ ಕೆರಿಬಿಯನ್ ಮೂಲದವರನ್ನು ಅಲ್ಲಿನ ಸರ್ಕಾರ ಅಕ್ರಮ ವಲಸಿಗರಂತೆ ನಡೆಸಿಕೊಂಡ ಪ್ರಕರಣ ಅದು. ಪಾಲೆಟ್ ವಿಲ್ಸನ್ ಎಂಬ ಮಹಿಳೆ 1968ರಲ್ಲಿ, ಹತ್ತು ವರ್ಷದ ಹುಡುಗಿಯಾಗಿದ್ದಾಗ, ಜಮೈಕಾದಿಂದ ಬ್ರಿಟನ್ನಿಗೆ ಬಂದವರು. ಒಂದು ಕಾಲದಲ್ಲಿ ಸಂಸತ್ತಿನ ಉಪಾಹಾರ ಗೃಹದಲ್ಲೇ ಅಡುಗೆ ಮಾಡಿದ್ದವರು. ಅವರನ್ನು ಅಕ್ರಮ ವಲಸಿಗರೆಂದು ಬಂಧನ ಕೇಂದ್ರಕ್ಕೆ ಕಳಿಸಿದರು. ವುಲ್ವರ್‌ಹ್ಯಾಂಪ್ಟನ್‌ನಲ್ಲಿ ವಲಸಿಗರಿಗೆ ನೆರವಾಗುವ ಸಂಸ್ಥೆಯೊಂದು ಈ ವಿಷಯವನ್ನು ‘ದಿ ಗಾರ್ಡಿಯನ್’ ಪತ್ರಿಕೆಯ ಅಮೀಲಿಯಾ ಜೆಂಟಲ್‌ಮನ್ ಅವರಿಗೆ ತಿಳಿಸಿತು. ಅವರು ಲಾಬಿ ವರದಿಗಾರರಲ್ಲ. 2017ರ ನವೆಂಬರ್‌ನಲ್ಲಿ ಮೊದಲ ವರದಿ ಬಂತು, ಆಮೇಲೆ ಅಂಥವೇ ಹಲವು ಪ್ರಕರಣಗಳು ಒಂದೊಂದಾಗಿ ಬಂದವು. ಐದು ತಿಂಗಳು ಸರ್ಕಾರ ಹೆಚ್ಚೇನೂ ಅಲುಗಾಡಲಿಲ್ಲ. 2018ರ ಏಪ್ರಿಲ್‌ನಲ್ಲಿ ಕಾಮನ್‌ವೆಲ್ತ್ ದೇಶಗಳ ನಾಯಕರೆಲ್ಲ ಲಂಡನ್ನಿಗೆ ಬಂದ ಹೊತ್ತಿನಲ್ಲಿ ಕೆರಿಬಿಯನ್ ರಾಯಭಾರಿಗಳು ಈ ಬಗ್ಗೆ ಭೇಟಿ ಕೇಳಿದರು, ಪ್ರಧಾನಿ ಕಚೇರಿ ಮೊದಲು ನಿರಾಕರಿಸಿತು. ಅಲ್ಲಿಂದ ಅದು ವೆಸ್ಟ್‌ಮಿನ್‌ಸ್ಟರಿನ ಸುದ್ದಿಯಾಯಿತು. ಗಡೀಪಾರಿನ ಗುರಿಗಳ ಬಗ್ಗೆ ಸಂಸದೀಯ ಸಮಿತಿಯ ಮುಂದೆ ಕೊಟ್ಟ ಉತ್ತರಕ್ಕೂ ಇಲಾಖೆಯ ದಾಖಲೆಗಳಿಗೂ ತಾಳೆಯಾಗದೆ ಗೃಹ ಕಾರ್ಯದರ್ಶಿ (ಅಲ್ಲಿ ಅದು ಗೃಹ ಮಂತ್ರಿಯ ಹುದ್ದೆ) ಆ್ಯಂಬರ್ ರಡ್ ಅದೇ ಏಪ್ರಿಲ್ 29ರಂದು ರಾಜೀನಾಮೆ ಕೊಟ್ಟರು. ಪಾಲೆಟ್ ವಿಲ್ಸನ್ ಅವರ ನೋವು ನವೆಂಬರ್‌ನಲ್ಲೂ ಏಪ್ರಿಲ್‌ನಲ್ಲೂ ಒಂದೇ. ಬದಲಾದದ್ದು, ಉತ್ತರ ಕೊಡದೆ ತಪ್ಪಿಸಿಕೊಳ್ಳಲಾಗದ ಗಳಿಗೆ ಬಂದದ್ದು.

ನೀವು ಆ ಗಳಿಗೆಯನ್ನು ಕಾಯುತ್ತಾ ಕೂರಬೇಕಾಗಿಲ್ಲ. ನಿಮ್ಮ ಕ್ಷೇತ್ರದ ಸಂಸದರಿಗೆ ಬರೆಯಿರಿ. ನೀವು ಆ ದೇಶದ ಪ್ರಜೆಯಲ್ಲದಿದ್ದರೂ ಆ ಕ್ಷೇತ್ರದ ನಿವಾಸಿ. ಇನ್ನೊಂದು ಮಾತು ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ: ಕಾನೂನುಬದ್ಧವಾಗಿ ಬ್ರಿಟನ್ನಿನಲ್ಲಿ ವಾಸಿಸುವ ಭಾರತೀಯ ಪ್ರಜೆಗಳು, ಕಾಮನ್‌ವೆಲ್ತ್ ಪ್ರಜೆಗಳೆಂಬ ಕಾರಣಕ್ಕೆ, ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಹೆಸರು ನೋಂದಾಯಿಸಿರಬೇಕು. ಸಂಸದರು ಗೃಹ ಇಲಾಖೆಗೆ ಲಿಖಿತ ಪ್ರಶ್ನೆ ಹಾಕಿದರೆ ಮಂತ್ರಿಯ ಉತ್ತರ ದಾಖಲಾಗುತ್ತದೆ. ಆ ಉತ್ತರ ನುಣುಚಿಕೊಳ್ಳುವಂತಿದ್ದರೆ, ಅದೇ ವರದಿಗಾರರಿಗೆ ನೀವು ಕಳಿಸಬೇಕಾದ ಕಾಗದ. ಗೃಹ ಇಲಾಖೆಯ ವಲಸೆ ಅಂಕಿಅಂಶಗಳು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಕೊನೆಯ ಭಾಗದಲ್ಲಿ ಪ್ರಕಟವಾಗುತ್ತವೆ. ಅದಕ್ಕೆ ನಾಲ್ಕೈದು ದಿನ ಮೊದಲು ನಿಮ್ಮ ಪತ್ರ ತಲುಪಿದರೆ ಓದುವವರಿಗೆ ಅದರ ಉಪಯೋಗ ತಕ್ಷಣ ತಿಳಿಯುತ್ತದೆ. ಬಜೆಟ್ ದಿನವೂ ಬುಧವಾರ ಮಧ್ಯಾಹ್ನವೂ ಬೇಡವೇ ಬೇಡ.

ಕೊನೆಯದಾಗಿ ನಿಮ್ಮ ರಕ್ಷಣೆ. ಬಾಯಿ ತೆರೆಯುವ ಮೊದಲೇ ಷರತ್ತು ಮಾತನಾಡಿಕೊಳ್ಳಿ: ಹೆಸರು ಹಾಕಬಹುದೇ, ಊರು ಹೇಳಬಹುದೇ, ಮುಖ ತೋರಿಸಬಹುದೇ. ಎಲ್ಲ ಹೇಳಿ ಮುಗಿಸಿದ ಮೇಲೆ ‘ಇದು ಆಫ್ ದಿ ರೆಕಾರ್ಡ್’, ಅಂದರೆ ಪ್ರಕಟಿಸಬೇಡಿ, ಎಂದರೆ ಅದನ್ನು ಪಾಲಿಸಲೇಬೇಕೆಂದಿಲ್ಲ. ವರದಿಗಾರರು ನಿಮ್ಮ ಮಾಲೀಕರನ್ನೂ ಸಂಪರ್ಕಿಸಿ ಪ್ರತಿಕ್ರಿಯೆ ಕೇಳುತ್ತಾರೆ, ಅದು ಅವರ ಕರ್ತವ್ಯ. ಅದು ಯಾವ ದಿನ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಕೆಲಸದ ಇಮೇಲ್, ಕೆಲಸದ ಫೋನ್ ಮುಟ್ಟಬೇಡಿ. ಆರೈಕೆಯಲ್ಲಿದ್ದ ವೃದ್ಧರ ಹೆಸರು, ಕಾಯಿಲೆ, ಫೋಟೊ ಯಾವುದನ್ನೂ ಕಳಿಸಬೇಡಿ. ನಿಮ್ಮ ಸಂಕಟದಲ್ಲಿ ಅವರ ಮಾನ ಹೋಗಬಾರದು.

ಪ್ರಶ್ನೆ: ಥೇಮ್ಸ್ ದಂಡೆಯ ಬಸವೇಶ್ವರ ಪ್ರತಿಮೆಯ ಬಳಿ ನಾವು ಬಸವ ಜಯಂತಿ ಆಚರಿಸುತ್ತೇವೆ. ಸಂಸತ್ ಭವನ ನದಿಯ ಆಚೆ ದಡದಲ್ಲೇ ಇದೆ. ರಾಜಕೀಯ ವರದಿಗಾರರನ್ನು ಕರೆದರೆ ಯಾರೂ ಬರುವುದಿಲ್ಲವಲ್ಲ?
– ಕನ್ನಡ ಸಂಘದ ಸದಸ್ಯರು, ಲಂಡನ್

ಉತ್ತರ: 2015ರ ನವೆಂಬರ್ 14ರಂದು ಆ ಪ್ರತಿಮೆ ಅನಾವರಣಗೊಂಡಾಗ ಭಾರತದ ಪ್ರಧಾನಿಯೇ ಬಂದಿದ್ದರು, ಹಾಗಾಗಿ ಅದು ಸುದ್ದಿಯಾಯಿತು. ವಾರ್ಷಿಕ ಆಚರಣೆ ರಾಜಕೀಯ ವರದಿಗಾರರ ಕೆಲಸದ ವ್ಯಾಪ್ತಿಯಲ್ಲಿಲ್ಲ. ಲ್ಯಾಂಬೆತ್ ಭಾಗದ ಸ್ಥಳೀಯ ಪತ್ರಿಕೆಗಳಿಗೆ, ಸಮುದಾಯ ರೇಡಿಯೊಗಳಿಗೆ, ಕನ್ನಡ ಪತ್ರಿಕೆಗಳಿಗೆ ಬರೆಯಿರಿ. ಜೊತೆಗೆ ಒಳ್ಳೆಯ ಎರಡು ಫೋಟೊ ಕಳಿಸಿ. ಯಾವನೋ ರಾಜಕಾರಣಿಯನ್ನು ವೇದಿಕೆಗೆ ಹತ್ತಿಸಿ ಸುದ್ದಿ ಮಾಡಿಸುವ ದಾರಿ ಮಾತ್ರ ಬೇಡ. ಮರುದಿನದ ವರದಿಯಲ್ಲಿ ಬಸವಣ್ಣ ಇರುವುದಿಲ್ಲ, ಆತ ಇರುತ್ತಾನೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಹವ್ಯಾಸಿ ಪತ್ರಕರ್ತ. ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದ ಬಗ್ಗೆ ಬ್ರಿಟಿಷ್ ಪತ್ರಿಕೆಗೆ ಬರೆಯುವ ಆಸೆ. ಅಲ್ಲಿನ ರಾಜಕೀಯ ವರದಿಗಾರರಿಗೆ ಲೇಖನ ಕಳಿಸಲೇ?
– ಯುವ ಓದುಗ, ಬಸವನಗುಡಿ

ಉತ್ತರ: ಲೇಖನ ಕಳಿಸಬೇಡಿ, ವರದಿಗಾರರಿಗಂತೂ ಬೇಡ. ಬರೆಯಿಸಿಕೊಂಡು ಹಣ ಕೊಡುವ ಅಧಿಕಾರ ಇರುವುದು ಸಂಪಾದಕೀಯ ವಿಭಾಗಗಳ ಮುಖ್ಯಸ್ಥರಿಗೆ. ಅವರಿಗೆ ಇನ್ನೂರು ಪದಗಳ ಪ್ರಸ್ತಾವ ಕಳಿಸಿ.

ಒಪ್ಪಂದ 2025ರ ಜುಲೈ 24ರಂದು ಸಹಿಯಾದದ್ದು ಎಲ್ಲರಿಗೂ ಗೊತ್ತು, ಅದನ್ನು ವಿವರಿಸಲು ಲಂಡನ್ನಿನಲ್ಲಿ ಜನ ಬೇಕಾದಷ್ಟಿದ್ದಾರೆ. ಅವರ ಕೈಗೆ ಸಿಗದದ್ದು ನಿಮ್ಮ ಊರಿನಲ್ಲಿದೆ. ಕಂಪನಿಗಳು ತಾತ್ಕಾಲಿಕವಾಗಿ ಬ್ರಿಟನ್ನಿಗೆ ಕಳಿಸುವ ಭಾರತೀಯ ನೌಕರರು ಮೂರು ವರ್ಷ ಅಲ್ಲಿನ ಸಾಮಾಜಿಕ ಭದ್ರತಾ ವಂತಿಗೆ ಕಟ್ಟಬೇಕಿಲ್ಲ ಎಂಬ ಏರ್ಪಾಡು 2025ರ ಮೇ ತಿಂಗಳಲ್ಲಿ ಪ್ರಕಟವಾದಾಗ ವಿರೋಧ ಪಕ್ಷವಾದ ಕನ್ಸರ್ವೇಟಿವ್ ಪಕ್ಷದ ನಾಯಕಿ ಕೆಮಿ ಬೇಡನಾಕ್ ಅದನ್ನು ಕಟುವಾಗಿ ಟೀಕಿಸಿದ್ದರು. ಅಂಥ ನೌಕರರನ್ನು ಕಳಿಸುವ ಸಾಫ್ಟ್‌ವೇರ್ ಕಂಪನಿಗಳು ನಿಮ್ಮ ಸುತ್ತಲೇ ಇವೆ. ಅಲ್ಲಿನ ಸಿಬ್ಬಂದಿ ವಿಭಾಗದವರು ಇನ್ನು ಹೆಚ್ಚು ಜನರನ್ನು ಕಳಿಸುವ ಲೆಕ್ಕ ಹಾಕುತ್ತಿದ್ದಾರೆಯೇ, ಇಲ್ಲವೇ? ಇಬ್ಬರು ಮೂವರು ದಾಖಲೆ ಸಮೇತ ಮಾತನಾಡಿದರೆ, ವೆಸ್ಟ್‌ಮಿನ್‌ಸ್ಟರಿನಲ್ಲಿ ಎರಡೂ ಪಕ್ಷದವರು ಕೇಳಲು ಬಯಸುವ ಸಂಗತಿ ನಿಮ್ಮ ಕೈಯಲ್ಲಿರುತ್ತದೆ. ಉತ್ತರ ಯಾರಿಗೆ ಅನುಕೂಲವಾಗಿ ಬಂದರೂ ಹಾಗೆಯೇ ಬರೆಯಿರಿ.

ಬ್ರಿಟಿಷ್ ಸರ್ಕಾರದಿಂದ ಮಾಹಿತಿ ಬೇಕಿದ್ದರೆ ಅಲ್ಲಿನ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಬೆಂಗಳೂರಿನಿಂದಲೇ ಅರ್ಜಿ ಹಾಕಬಹುದು, ಆ ದೇಶದವರೇ ಆಗಿರಬೇಕೆಂಬ ನಿಯಮವಿಲ್ಲ. ಸಾಮಾನ್ಯವಾಗಿ 20 ಕೆಲಸದ ದಿನಗಳೊಳಗೆ ಉತ್ತರಿಸಬೇಕು. ಪ್ರಸ್ತಾವ ಒಪ್ಪಿಗೆಯಾದರೆ ಪದಗಳ ಮಿತಿ, ಸಂಭಾವನೆ, ಲೇಖನ ಪ್ರಕಟವಾಗದಿದ್ದರೆ ಕೊಡುವ ಮೊತ್ತ, ಈ ಮೂರನ್ನೂ ಇಮೇಲಿನಲ್ಲಿ ಬರೆಯಿಸಿಕೊಂಡ ಮೇಲೆ ಕೆಲಸ ಶುರು ಮಾಡಿ.